ಬಂದ್ ದಿನದ ಸಂಬಳ ಯಾರ ಲೆಕ್ಕಕ್ಕೆ? ಬೆಂಗಳೂರಿನ ಪ್ರತಿಭಟನೆಗಳು ಮತ್ತು ವಲಸೆ ಬಂದ ಮನೆಗೆಲಸದವರು

2023ರ ಸೆಪ್ಟೆಂಬರ್ ಕೊನೆಯ ವಾರ. ಕಾವೇರಿ ನೀರಿಗಾಗಿ 26ರ ಮಂಗಳವಾರ ಬೆಂಗಳೂರು ಬಂದ್, 29ರ ಶುಕ್ರವಾರ ಕರ್ನಾಟಕ ಬಂದ್. ಮೊದಲನೆಯದಕ್ಕೆ ಕರೆ ಕೊಟ್ಟದ್ದು ಕುರುಬೂರು ಶಾಂತಕುಮಾರ್ ನೇತೃತ್ವದ ಜಲ ಸಂರಕ್ಷಣಾ ಸಮಿತಿ, ಎರಡನೆಯದಕ್ಕೆ ವಾಟಾಳ್ ನಾಗರಾಜ್ ಅವರ ಕನ್ನಡ ಒಕ್ಕೂಟ. ಬೇಡಿಕೆ ಒಂದೇ, ಬಂದ್ ಎರಡು. ನಡುವೆ 28ರ ಗುರುವಾರ ಈದ್ ಮಿಲಾದ್. ಶಾಲೆಗಳಿಗೆ ರಜೆ ಕೊಟ್ಟರು, ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು, ತಿಂಗಳ ಸಂಬಳದ ನೌಕರರಿಗೆ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ವರ್ತೂರು ಕಡೆಯ ಶೆಡ್ಡಿನಲ್ಲಿದ್ದುಕೊಂಡು ಐದು ಮನೆಗಳಲ್ಲಿ ಪಾತ್ರೆ, ಕಸ, ನೆಲ ಮಾಡುವ ಬಂಗಾಳದ ಮುಸ್ಲಿಂ ಹೆಂಗಸಿಗೆ ಅಂಥ ವಾರ ಬೇರೆಯೇ ಲೆಕ್ಕ ಒಪ್ಪಿಸುತ್ತದೆ. ತಿಂಗಳಿಗೆ ಎರಡು ರಜೆ ಎಂದು ಬಾಯಿಮಾತಿನಲ್ಲಿ ಆಗಿದ್ದರೆ ಎರಡೂ ಬಂದ್‌ಗೇ ಹೋದವು. ಹಬ್ಬದ ದಿನ ಮನೆಯಲ್ಲಿ ಉಳಿದರೆ ಅದಕ್ಕೆ ಸಂಬಳ ಹಿಡಿಯುತ್ತಾರೆ.

ಪ್ರತಿಭಟನೆಯಿಂದ ನಗರಕ್ಕೆ ಎಷ್ಟು ಕೋಟಿ ನಷ್ಟ ಎಂದು ಉದ್ಯಮ ಸಂಘಟನೆಗಳು ಪ್ರತಿ ಸಲವೂ ಅಂದಾಜು ಹೇಳುತ್ತವೆ. ಮನೆಗೆಲಸದವರ ನಷ್ಟ ಆ ಅಂದಾಜಿನಲ್ಲಿ ಬರುವುದೇ ಇಲ್ಲ, ಏಕೆಂದರೆ ಅದು ನಡೆಯುವುದು ಮುಂದಿನ ತಿಂಗಳ ಮೊದಲ ವಾರ, ಅಡುಗೆಮನೆಯ ಬಾಗಿಲಲ್ಲಿ, ಸಂಬಳ ಎಣಿಸುವಾಗ.

ಲೆಕ್ಕ ಹೇಗೆ ನಡೆಯುತ್ತದೆ ನೋಡೋಣ. ಒಂದು ಮನೆಗೆ ₹2,500ರಂತೆ ಐದು ಮನೆ ಎಂದಿಟ್ಟುಕೊಂಡರೆ ತಿಂಗಳಿಗೆ ₹12,500. ರಜೆಗೆ ಸಂಬಳ ಹಿಡಿಯುವವರಲ್ಲಿ ಎರಡು ಪದ್ಧತಿಗಳಿವೆ. ತಿಂಗಳ ಸಂಬಳವನ್ನು 30ರಿಂದ ಭಾಗಿಸುವವರು ಮನೆಗೆ ₹83 ಹಿಡಿಯುತ್ತಾರೆ, ಐದು ಮನೆಗೆ ಸುಮಾರು ₹417. ಚಿಲ್ಲರೆ ಲೆಕ್ಕ ಯಾಕೆ ಎಂದು ದಿನಕ್ಕೆ ನೂರು ರೂಪಾಯಿ ಹಿಡಿಯುವವರಿದ್ದರೆ ಅದೇ ಒಂದು ದಿನ ₹500 ಆಗುತ್ತದೆ. ಮೂರು ದಿನಕ್ಕೆ ₹1,500. ಈ ನೂರರ ಲೆಕ್ಕ ಎಷ್ಟು ರೂಢಿಯಾಗಿದೆಯೆಂದರೆ, ಅದು ನಿಜವಾದ ದಿನದ ಸಂಬಳಕ್ಕಿಂತ ಹೆಚ್ಚು ಎಂಬುದು ಕೊಡುವವರಿಗೂ ಹೊಳೆಯುವುದಿಲ್ಲ, ಪಡೆಯುವವರಿಗೂ ಹೊಳೆಯುವುದಿಲ್ಲ. ಈಗ ಇದಕ್ಕೆ ಗೇಟಿನ ಆ್ಯಪ್ ಸೇರಿದೆ. ಕೆಲಸದವರು ಕೋಡ್ ಒತ್ತಿ ಒಳಗೆ ಬಂದ ದಿನಗಳ ಪಟ್ಟಿ ಮನೆಯವರ ಫೋನಿನಲ್ಲೇ ಇರುತ್ತದೆ. ಬಾರದ ದಿನ ಬಂದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಜ್ವರವೋ, ಹಬ್ಬವೋ, ಬಂದೋ ಎಂದು ಬರೆಯುವವರಾರು?

ಹಿಡಿದ ಹಣಕ್ಕೆ ಪ್ರತಿಯಾಗಿ ಕೆಲಸವಾದರೂ ತಪ್ಪುತ್ತದೆಯೇ ಎಂದರೆ ಅದೂ ಇಲ್ಲ. ಬಂದ್ ದಿನ ಮನೆಮಂದಿಯೆಲ್ಲ ಮನೆಯಲ್ಲೇ. ತಿಂಡಿ, ಊಟ, ಸಂಜೆಯ ಬೋಂಡಾ, ನಾಲ್ಕು ಸಲ ಕಾಫಿ. ಮಾರನೆಯ ಬೆಳಿಗ್ಗೆ ಸಿಂಕಿನಲ್ಲಿ ಎರಡು ದಿನದ ಪಾತ್ರೆ, ತಳ ಹತ್ತಿದ ಕುಕ್ಕರ್ ಸಮೇತ. ಮುಕ್ಕಾಲು ಗಂಟೆಯ ಕೆಲಸ ಒಂದೂಕಾಲು ಗಂಟೆಯಾಗುತ್ತದೆ. ಒಂದೊಂದು ಮನೆಯಲ್ಲಿ ಅರ್ಧ ಗಂಟೆ ಹೆಚ್ಚಾದರೆ ಐದನೆಯ ಮನೆಗೆ ಹೋಗುವಷ್ಟರಲ್ಲಿ ಎರಡು ಗಂಟೆ ತಡ, ಅಲ್ಲಿ ಬೈಗುಳ ಬೇರೆ. ಅಂದರೆ ಬಂದ್ ದಿನದ ಕೆಲಸವನ್ನು ಮಾರನೆಯ ದಿನ ಸೇರಿಸಿ ಮಾಡಿಯೂ ಆಗುತ್ತದೆ, ಆ ದಿನದ ಸಂಬಳವನ್ನು ಹಿಡಿದೂ ಆಗುತ್ತದೆ. ಬೆಂಗಳೂರಿನ ಮನೆಗೆಲಸದಲ್ಲಿ ಅನ್ಯಾಯಗಳು ಹಲವಿವೆ. ಇಷ್ಟು ಸದ್ದಿಲ್ಲದೆ ನಡೆಯುವುದು ಕಡಿಮೆ.

ಇನ್ನು ಹಿಂದಿನ ರಾತ್ರಿಯ ಗೊಂದಲ. ಬೆಂಗಳೂರಿನ ಬಂದ್‌ಗೆ ಒಂದು ಶಾಸ್ತ್ರವಿದೆ. ಕರೆ ಕೊಟ್ಟವರು ಎಲ್ಲವೂ ಸ್ಥಗಿತ ಎನ್ನುತ್ತಾರೆ. ಹೋಟೆಲಿನವರು, ಆಟೊದವರು, ಕ್ಯಾಬಿನವರು ಒಬ್ಬೊಬ್ಬರಾಗಿ ‘ನೈತಿಕ ಬೆಂಬಲ’ ಘೋಷಿಸುತ್ತಾರೆ. ನೈತಿಕ ಬೆಂಬಲ ಎಂದರೆ ಅಂಗಡಿ ತೆರೆದಿರುತ್ತದೆ ಎಂದು ಕನ್ನಡ ಟಿ.ವಿ. ನೋಡುವವರಿಗೆ ಅರ್ಥವಾಗುತ್ತದೆ. ಮುರ್ಶಿದಾಬಾದ್‌ನಿಂದಲೋ ಅಸ್ಸಾಮಿನಿಂದಲೋ ಬಂದವರಿಗೆ ಸುದ್ದಿ ಸಿಗುವುದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯಿಂದ, ಇಲ್ಲವೇ ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶದಿಂದ. ರಾತ್ರಿ ಒಂಬತ್ತಕ್ಕೆ “ದೀದಿ, ಕಲ್ ಆನಾ ಹೈ ಕ್ಯಾ?” ಎಂದು ಫೋನು. ಯಾದಗಿರಿಯವಳಾದರೆ “ಅಕ್ಕಾರ, ನಾಳೆ ಬಸ್ ಇರ್ತಾವೇನ್ರಿ?” ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುವುದು ಅಪರೂಪ. ‘ನೋಡ್ಕೊಂಡು ಬಾ’ ಎಂಬುದೇ ಹೆಚ್ಚು. ಕಾರಣ ಸರಳ. ಬರುವುದಿಲ್ಲ ಎಂದು ಆಕೆ ಹೇಳಿದರೆ ಅದು ಆಕೆಯ ರಜೆ. ಬರಬೇಡ ಎಂದು ಮನೆಯವರು ಹೇಳಿದರೆ ರಜೆ ಆಕೆಯ ಲೆಕ್ಕಕ್ಕೆ ಬರಬಾರದು. ಹೀಗಾಗಿ ಇಬ್ಬರೂ ಮೊದಲು ಬಾಯಿ ಬಿಡುವುದಿಲ್ಲ, ಬೆಳಿಗ್ಗೆ ಆರೂವರೆಗೆ ಆಕೆ ರಸ್ತೆಗೆ ಬಂದು ನಿಂತಿರುತ್ತಾಳೆ. ಬಲವಂತದ ಬಂದ್ ಸಂವಿಧಾನಬಾಹಿರ ಎಂದು ಕೇರಳ ಹೈಕೋರ್ಟ್ 1997ರಲ್ಲೇ ಹೇಳಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಎಲ್ಲ ಬಂದ್‌ಗಳೂ ‘ಸ್ವಯಂಪ್ರೇರಿತ’ ಆಗಿವೆಯಲ್ಲ, ಇದೂ ಹಾಗೆಯೇ.

ಎಲ್ಲ ಪ್ರತಿಭಟನೆಗಳೂ ಎಲ್ಲರಿಗೂ ಒಂದೇ ಸಮ ತಟ್ಟುವುದಿಲ್ಲ. ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ನೋಡಬೇಕು: ಕೆಲಸದ ಮನೆ ಎಷ್ಟು ದೂರ, ಮತ್ತು ಆಕೆ ಯಾರು, ಎಲ್ಲಿಂದ ಬಂದವಳು.

ದೂರದ ಮಾತು ಮೊದಲು. ತೂಬರಹಳ್ಳಿ, ಮುನ್ನೇಕೊಳಾಲ, ಕರಿಯಮ್ಮನ ಅಗ್ರಹಾರ, ಪಣತ್ತೂರು ಕಡೆ ಖಾಲಿ ಜಾಗಗಳಲ್ಲಿ ಎದ್ದ ತಗಡು, ನೀಲಿ ಟಾರ್ಪಾಲಿನ ಶೆಡ್ಡುಗಳಿಂದ ಅಪಾರ್ಟ್‌ಮೆಂಟುಗಳಿಗೆ ನಡೆದೇ ಹೋಗಬಹುದು. ಅಲ್ಲಿರುವವರಿಗೆ ಬಸ್ ನಿಂತಷ್ಟಕ್ಕೇ ಕೆಲಸ ನಿಲ್ಲುವುದಿಲ್ಲ. ಹಳೆಯ ಬಡಾವಣೆಗಳಿಗೆ ಹೋಗುವವರ ಪಾಡು ಬೇರೆ. ಬಾಡಿಗೆ ಅಗ್ಗ ಎಂದು ಊರ ಹೊರಗೆ ಮನೆ ಮಾಡಿ, ಜಯನಗರಕ್ಕೋ ಮಲ್ಲೇಶ್ವರಕ್ಕೋ ಬಿಎಂಟಿಸಿ ಹಿಡಿಯುವವರು ಅವರು. ಕಲಬುರಗಿ, ರಾಯಚೂರು ಕಡೆಯಿಂದ ಬಂದವರೂ, ತಮಿಳುನಾಡು, ಆಂಧ್ರದಿಂದ ಬಂದವರೂ ಇವರಲ್ಲಿದ್ದಾರೆ. ವಲಸೆ ಎಂದ ಕೂಡಲೇ ಹೊರರಾಜ್ಯ ಎಂದುಕೊಳ್ಳುವುದು ನಮ್ಮ ಅಭ್ಯಾಸ. ಯಾದಗಿರಿಯಿಂದ ಬೆಂಗಳೂರಿಗೆ ಬಂದವರ ಪ್ರಯಾಣವೂ ಐನೂರು ಕಿಲೋಮೀಟರಿನ ಆಸುಪಾಸಿನದು.

ಇಲ್ಲಿ ‘ಶಕ್ತಿ’ ಯೋಜನೆಯ ಒಂದು ಒಳಸುಳಿಯನ್ನು ಗಮನಿಸಬೇಕು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಆದರೆ ತೋರಿಸುವ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಯಾದಗಿರಿ ವಿಳಾಸದ ಆಧಾರ್ ಇದ್ದವಳಿಗೆ ಶೂನ್ಯ ಟಿಕೆಟ್, ಪಕ್ಕದಲ್ಲೇ ಕುಳಿತ ಬಂಗಾಳದ ಮಾಲ್ದಾದವಳಿಗೆ ದುಡ್ಡು ಕೊಟ್ಟು ಟಿಕೆಟ್. ಬಸ್ ಮುಷ್ಕರವಾದರೆ ಇಬ್ಬರೂ ಆಟೊಗೆ ಬೀಳುತ್ತಾರೆ, ಆದರೆ ಶೂನ್ಯದಿಂದ ನೂರಕ್ಕೆ ಏರುವ ಪೆಟ್ಟು ತಿನ್ನುವವಳು ಕನ್ನಡದವಳೇ. ಒಂದು ಮನೆಯ ದಿನದ ಸಂಬಳ ₹83 ಇರುವಾಗ ಹೋಗಿ ಬರಲು ಆಟೊ ಹಿಡಿಯುವುದಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಮುಷ್ಕರಗಳನ್ನೂ ಬಿಡಿಸಿ ನೋಡಬೇಕು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬಂದ್ ಮಾಡಿದಾಗ ಆಟೊ, ಕ್ಯಾಬ್ ನಿಂತವು, ಬಿಎಂಟಿಸಿ ಓಡಿತು. ಪರದಾಡಿದ್ದು ವಿಮಾನ ನಿಲ್ದಾಣಕ್ಕೆ ಹೊರಟವರು, ಮನೆಗೆಲಸದವರಿಗೆ ಅಷ್ಟೇನೂ ತೊಂದರೆಯಾಗಲಿಲ್ಲ. 2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರು ನಡೆಸಿದ ಮುಷ್ಕರ ಎರಡು ವಾರದಷ್ಟು ಎಳೆಯಿತು, ಅದೂ ಕೋವಿಡ್ ಎರಡನೇ ಅಲೆ ಏರುತ್ತಿದ್ದಾಗ. ಬಸ್ಸಿಲ್ಲದೆ ಬಾರದವರಿಗೂ ಸೋಂಕಿಗೆ ಹೆದರಿ ಬೇಡವೆನಿಸಿಕೊಂಡವರಿಗೂ ಆಗ ವ್ಯತ್ಯಾಸವೇ ಉಳಿಯಲಿಲ್ಲ, ಇಬ್ಬರಿಗೂ ಕೆಲಸದ ಮನೆಗಳು ಬಿಟ್ಟುಹೋದವು. 2025ರ ಆಗಸ್ಟ್ 5ರ ಮುಷ್ಕರ ಹೈಕೋರ್ಟಿನ ಮಧ್ಯಪ್ರವೇಶದಿಂದ ಒಂದೇ ದಿನಕ್ಕೆ ನಿಂತಿತು.

ಮೆಟ್ರೊ ಇದೆಯಲ್ಲ ಎನ್ನುವವರಿದ್ದಾರೆ. 2023ರ ಎರಡೂ ಬಂದ್‌ಗಳಲ್ಲಿ ಮೆಟ್ರೊ ಓಡಿತು, ನಿಜ. ಆದರೆ ಮನೆಗೆಲಸದ ಓಡಾಟ ಒಂದು ಮನೆಯಿಂದ ಇನ್ನೊಂದಕ್ಕೆ ಎರಡು–ಮೂರು ಕಿಲೋಮೀಟರಿನದು, ಬಡಾವಣೆಯ ಒಳರಸ್ತೆಗಳಲ್ಲಿ. ಅದಕ್ಕೂ ಮೆಟ್ರೊ ದಾರಿಗೂ ಸಂಬಂಧವಿಲ್ಲ.

ಹೇಳಿ ಮಾಡುವ ಬಂದ್‌ಗಿಂತ ಅಪಾಯದ್ದು ನಡುಮಧ್ಯಾಹ್ನ ಹೊತ್ತಿಕೊಳ್ಳುವ ಗಲಾಟೆ. 2016ರ ಸೆಪ್ಟೆಂಬರ್ 12ರ ಸೋಮವಾರ ಬೆಳಿಗ್ಗೆ ಎಲ್ಲರೂ ಎಂದಿನಂತೆ ಕೆಲಸಕ್ಕೆ ಹೋಗಿದ್ದರು. ಕಾವೇರಿ ನೀರು ಬಿಡುವ ಬಗ್ಗೆ ಸುಪ್ರೀಂ ಕೋರ್ಟಿನ ಪರಿಷ್ಕೃತ ಆದೇಶ ಅಂದು ಬಂತು. ಮಧ್ಯಾಹ್ನದ ಹೊತ್ತಿಗೆ ಬಸ್ಸು, ಮೆಟ್ರೊ ನಿಂತವು, ನಾಯಂಡಹಳ್ಳಿ ಬಳಿ ಖಾಸಗಿ ಬಸ್ ಡಿಪೊಗೆ ಬೆಂಕಿ ಬಿದ್ದು ಹತ್ತಾರು ಬಸ್ಸುಗಳು ಸುಟ್ಟವು, ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬರು ಸತ್ತರು. ಸಂಜೆಯ ಹೊತ್ತಿಗೆ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಅದೇ ವರ್ಷ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದಾಗ ಹೊಸೂರು ರಸ್ತೆ ಹೀಗೆಯೇ ಬಂದಾಗಿತ್ತು. ಇಂಥ ದಿನ ಸಮಸ್ಯೆ ಹೋಗುವುದರದ್ದಲ್ಲ, ವಾಪಸು ಬರುವುದರದ್ದು. ಮಕ್ಕಳನ್ನು ಶಾಲೆಯಿಂದ ಬೇಗ ಬಿಟ್ಟಿರುತ್ತಾರೆ, ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ, ತಾಯಿ ಮೂರನೆಯ ಮನೆಯಲ್ಲಿ ಒರೆಸುವ ಕೋಲು ಹಿಡಿದಿರುತ್ತಾಳೆ. ಬಹುತೇಕ ಅಪಾರ್ಟ್‌ಮೆಂಟುಗಳಲ್ಲಿ ತುರ್ತು ಹೊತ್ತಿನಲ್ಲಿ ಕೆಲಸದವರನ್ನು ಮನೆ ತಲುಪಿಸುವುದಕ್ಕೆ ಯಾವ ಏರ್ಪಾಡೂ ಇಲ್ಲ. ಅಗ್ನಿಶಾಮಕ ಅಣಕು ಪ್ರದರ್ಶನ ಮಾತ್ರ ವರ್ಷಕ್ಕೊಮ್ಮೆ ಚೆನ್ನಾಗಿಯೇ ನಡೆಯುತ್ತದೆ.

ಇನ್ನು ಗುರುತಿನ ಮಾತು. 1991ರ ಡಿಸೆಂಬರ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿಗೆ ಬಂದಾಗ ಬೆಂಗಳೂರಿನ ತಮಿಳರ ಕೇರಿಗಳು ಹೊತ್ತಿ ಉರಿದವು, ಕೂಲಿ ಮಾಡುವವರೇ ಹೆಚ್ಚು ಊರು ಬಿಟ್ಟರು. ಅದನ್ನು ಕಂಡ ತಲೆಮಾರು ಈಗಲೂ ಕಾವೇರಿ ಗಲಾಟೆ ಎಂದರೆ ಎರಡು ದಿನ ಫೋನಿನಲ್ಲೂ ತಮಿಳು ಮಾತಾಡದು. 2012ರದು ಇನ್ನೂ ವಿಚಿತ್ರ. ಆಗಸ್ಟ್ 11ರಂದು ಮುಂಬೈನ ಆಜಾದ್ ಮೈದಾನದಲ್ಲಿ ಅಸ್ಸಾಂ ಗಲಭೆಯ ವಿರುದ್ಧದ ಪ್ರತಿಭಟನೆ ಹಿಂಸೆಗೆ ತಿರುಗಿತು. ನಾಲ್ಕೇ ದಿನದಲ್ಲಿ, ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್‌ ವದಂತಿಗಳಿಗೆ ಹೆದರಿ, ಬೆಂಗಳೂರಿನಲ್ಲಿದ್ದ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ರೈಲ್ವೆ ವಿಶೇಷ ರೈಲು ಬಿಟ್ಟಿತು, ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕಟ್ಟುಹಾಕಿತು. ಸೆಕ್ಯುರಿಟಿ, ಬ್ಯೂಟಿಪಾರ್ಲರ್, ಹೋಟೆಲು, ಮನೆಗೆಲಸ ಎಲ್ಲ ಕಡೆ ಕೈ ಖಾಲಿಯಾದವು. ಹೋದವರು ತಿರುಗಿ ಬಂದಾಗ ಎಲ್ಲರಿಗೂ ಅದೇ ಕೆಲಸ ಸಿಗುವಂತಿರಲಿಲ್ಲ. ಮನೆಗೆಲಸದಲ್ಲಿ ಜಾಗ ಕಾಯ್ದಿರಿಸುವುದು ಎಂಬುದಿಲ್ಲ, ಹದಿನೈದು ದಿನದಲ್ಲಿ ಬೇರೆಯವಳು ಬಂದಿರುತ್ತಾಳೆ.

ಪೌರತ್ವ ಕಾಯ್ದೆಯ ವಿರುದ್ಧ 2019ರ ಡಿಸೆಂಬರ್‌ನಲ್ಲಿ ಪ್ರತಿಭಟನೆಗಳು ಎದ್ದಾಗ ಬೆಂಗಳೂರಿನಲ್ಲಿ ಮೂರು ದಿನ 144ನೇ ಸೆಕ್ಷನ್ ಹಾಕಿದರು. ಆ ಆದೇಶ ಕಾನೂನುಬಾಹಿರ ಎಂದು ಹೈಕೋರ್ಟ್ ಮರುವರ್ಷ ಫೆಬ್ರುವರಿಯಲ್ಲಿ ಹೇಳಿತು. ಅಷ್ಟರಲ್ಲಿ ಆಗಬೇಕಾದ್ದು ಬೇರೆ ಕಡೆ ಆಗಿತ್ತು. 2020ರ ಜನವರಿಯಲ್ಲಿ ‘ಬಾಂಗ್ಲಾದೇಶಿಗಳು’ ಎಂಬ ವಿಡಿಯೊ ಹರಿದಾಡಿದ ಬೆನ್ನಲ್ಲೇ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಲಾಯಿತು. ಅಲ್ಲಿದ್ದವರು ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರು, ಜೊತೆಗೆ ನಮ್ಮ ಉತ್ತರ ಕರ್ನಾಟಕದವರು. ಹೈಕೋರ್ಟ್ ಮಧ್ಯೆ ಬಂದು ತೆರವನ್ನು ತಡೆಯಿತು. ಈ ಶೆಡ್ಡುಗಳಿಂದ ಅಪಾರ್ಟ್‌ಮೆಂಟಿಗೆ ನಡೆದು ಹೋಗುವವರಿಗೆ ಬಸ್ ನಿಂತಷ್ಟಕ್ಕೇ ಕೆಲಸ ನಿಲ್ಲುವುದಿಲ್ಲ ಎಂದು ಮೇಲೆ ಹೇಳಿದೆವು. ಗುರುತಿನ ರಾಜಕೀಯ ಬಿಸಿಯೇರಿದಾಗ ಎಲ್ಲವನ್ನೂ ಕಳೆದುಕೊಳ್ಳುವವರೂ ಅವರೇ. ಕೆಲಸದ ಹತ್ತಿರ ಇರಲೆಂದು ಆರಿಸಿಕೊಂಡ ಜಾಗಕ್ಕೆ ಬಾಡಿಗೆ ಕರಾರಿಲ್ಲ. ಶೆಡ್ ಬಾಡಿಗೆ ವಸೂಲು ಮಾಡುವವನು ಗಲಾಟೆಯ ದಿನ ಫೋನ್ ಎತ್ತುವುದಿಲ್ಲ.

ಇಂಥ ವಾರಗಳಲ್ಲೇ ಕೆಲವು ಅಪಾರ್ಟ್‌ಮೆಂಟ್ ಸಂಘಗಳಿಗೆ ಕೆಲಸದವರ ದಾಖಲೆ ನೆನಪಾಗುತ್ತದೆ. ಎರಡು ದಿನದಲ್ಲಿ ಆಧಾರ್ ಪ್ರತಿ, ಫೋಟೊ, ಪೊಲೀಸ್ ಪರಿಶೀಲನೆ ಚೀಟಿ ತನ್ನಿ, ಇಲ್ಲವಾದರೆ ಗೇಟ್ ಕೋಡ್ ರದ್ದು ಎಂಬ ಸೂಚನೆ. ದಾಖಲೆ ಕೇಳುವುದು ತಪ್ಪಲ್ಲ, ಕೇಳುವ ಹೊತ್ತು ತಪ್ಪು. ಶೆಡ್ಡಿಗೆ ನೀರು ನುಗ್ಗಿ ಕಾಗದ ಹಾಳಾದವರಿದ್ದಾರೆ, ಊರಿನ ವಿಳಾಸದ ಕಾರ್ಡು ಊರಲ್ಲೇ ಇಟ್ಟು ಬಂದವರಿದ್ದಾರೆ. ಬಸ್ಸಿಲ್ಲದ, ಅಂಗಡಿ ಮುಚ್ಚಿದ ದಿನ ಜೆರಾಕ್ಸ್ ಎಲ್ಲಿ ಮಾಡಿಸುವುದು? ಆಧಾರ್, ಇ-ಶ್ರಮ್ (ಅಸಂಘಟಿತ ಕಾರ್ಮಿಕರ ನೋಂದಣಿ) ಕಾರ್ಡು, ಒಬ್ಬ ಮನೆಯವರ ಹೆಸರು, ಫ್ಲ್ಯಾಟ್ ನಂಬರು, ಇಷ್ಟನ್ನು ಶಾಂತವಾಗಿರುವ ತಿಂಗಳಲ್ಲೇ ಆಕೆಯ ಫೋನಿಗೆ ಫೋಟೊ ತೆಗೆದು ಹಾಕಿಟ್ಟರೆ ರಸ್ತೆಯಲ್ಲಿ ಯಾರಾದರೂ ತಡೆದಾಗ ಕೆಲಸಕ್ಕೆ ಬರುತ್ತದೆ. 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಮನೆಗೆಲಸದವರೂ ಹೆಸರು ನೋಂದಾಯಿಸಬಹುದು.

ಮನೆಯಲ್ಲೇ ಉಳಿದು ಕೆಲಸ ಮಾಡುವವರ ಕಥೆ ಇದಕ್ಕೆ ತಿರುವುಮುರುವು. ಅವರಿಗೆ ಸಂಬಳ ಹೋಗುವುದಿಲ್ಲ, ವಿಶ್ರಾಂತಿ ಹೋಗುತ್ತದೆ. ಹೊರಗಿನಿಂದ ಬರುವವಳು ಬಾರದ ದಿನ ಪಾತ್ರೆಯೂ ಇವಳ ತಲೆಗೆ. ಭಾನುವಾರದ ಅರ್ಧ ದಿನದ ಬಿಡುವೂ ‘ಹೊರಗೆ ಗಲಾಟೆ, ಹೋಗಬೇಡ’ ಎಂದು ರದ್ದಾಗುತ್ತದೆ. ಕಾಳಜಿಯೂ ಇರಬಹುದು, ಅನುಕೂಲವೂ ಇರಬಹುದು.

ಗಂಡ ಕಟ್ಟಡದ ಕೆಲಸಕ್ಕೋ ಗುಜರಿ ಆಯಲೋ ಹೋಗುವವನಾದರೆ ಬಂದ್ ದಿನದ ಕೂಲಿ ಅಂದೇ ಹೋಯಿತು. ಹೆಂಡತಿಯ ಸಂಬಳ ಕಡಿತ ಮುಂದಿನ ತಿಂಗಳು ಬರುತ್ತದೆ. ಒಂದೇ ಬಂದ್ ಒಂದೇ ಸಂಸಾರಕ್ಕೆ ಎರಡು ಸಲ ಹೊಡೆಯುತ್ತದೆ. ಇವರು ಅಕ್ಕಿ, ಎಣ್ಣೆ, ಬೇಳೆ ಕೊಳ್ಳುವುದು ದಿನದಿನಕ್ಕೆ, ಗ್ಯಾಸನ್ನೂ ಸಣ್ಣ ಸಿಲಿಂಡರಿಗೆ ಕಿಲೋ ಲೆಕ್ಕದಲ್ಲಿ ತುಂಬಿಸುವುದು. ಅಂಗಡಿ ಮುಚ್ಚುವ ದಿನಕ್ಕೆ ಹಿಂದಿನ ದಿನವೇ ಎರಡು ದಿನದ್ದು ತರಬೇಕು, ಕೈಯಲ್ಲಿ ಅಷ್ಟಿಲ್ಲದಿದ್ದರೆ ಸಾಲ ಬರೆಸಬೇಕು.

ಇದರಲ್ಲಿ ಒಂದು ಕಹಿ ತಿರುವೂ ಇದೆ. ಬೀದಿಗಿಳಿಯುವವರು ಎಲ್ಲ ಸಲವೂ ಬಲಾಢ್ಯರಲ್ಲ. 2023ರ ಜನವರಿಯಲ್ಲಿ ಅಂಗನವಾಡಿ ನೌಕರರು ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕುಳಿತರು. ಅವರ ಬೇಡಿಕೆಗಳಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅಂಗನವಾಡಿಗೆ ಬೀಗ ಬಿದ್ದರೆ ಮೂರು ವರ್ಷದ ಮಗುವನ್ನು ಎಲ್ಲಿ ಬಿಡುವುದು? ಮನೆಗೆಲಸದವಳ ಉತ್ತರ ಒಂದೇ, ದೊಡ್ಡ ಮಗಳು ಶಾಲೆ ತಪ್ಪಿಸುತ್ತಾಳೆ. ಕಡಿಮೆ ಸಂಬಳದ ಒಬ್ಬ ಹೆಂಗಸು ತನ್ನ ಹಕ್ಕು ಕೇಳಿದ ದಿನ ಅದರ ಭಾರ ಇನ್ನೂ ಕಡಿಮೆ ಸಂಬಳದವಳ ಮನೆಯ ಹುಡುಗಿಯ ಮೇಲೆ ಬೀಳುತ್ತದೆ.

ಹಾಗಾದರೆ ಮನೆಗೆಲಸದವರೇ ಏಕೆ ಪ್ರತಿಭಟಿಸುವುದಿಲ್ಲ? ಪ್ರತಿಭಟಿಸುತ್ತಾರೆ. ಬೆಂಗಳೂರಿನಲ್ಲಿ ಅವರ ಸಂಘಗಳು ವರ್ಷಗಳಿಂದ ಕೆಲಸ ಮಾಡುತ್ತಿವೆ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಅಧಿಸೂಚಿಸಿದೆ. ಆದರೆ ನೂರು ಜನಕ್ಕೆ ನಾನೂರು ಮಾಲೀಕರಿರುವ ಕೆಲಸದಲ್ಲಿ ಮುಷ್ಕರ ಹೂಡುವುದು ಯಾರ ವಿರುದ್ಧ? ಜೊತೆಗೆ 2021ರ ಪೊಲೀಸ್ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ, ಅದಕ್ಕೂ ಮುಂಚೆಯೇ ಅನುಮತಿ ಪಡೆಯಬೇಕು. ವರ್ತೂರಿನಿಂದ ಅಲ್ಲಿಗೆ 20 ಕಿಲೋಮೀಟರಿಗೂ ಹೆಚ್ಚು. ಹೋಗಿ ಬರುವುದೆಂದರೆ ಒಂದು ದಿನದ ರಜೆ, ಆ ರಜೆಗೂ ಸಂಬಳ ಹಿಡಿಯುತ್ತಾರೆ. 2017ರ ಜುಲೈನಲ್ಲಿ ನೋಯ್ಡಾದ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ಕೆಲಸದವಳೊಬ್ಬಳು ಕಾಣೆಯಾದಳೆಂದು ಗಲಾಟೆಯಾದ ಮೇಲೆ ಬಂಗಾಳಿ ಕೆಲಸದವರನ್ನೇ ಒಳಗೆ ಬಿಡಬಾರದು ಎಂಬ ಕೂಗೆದ್ದದ್ದು ಇಲ್ಲಿನವರಿಗೂ ಗೊತ್ತಿದೆ.

ಸರಿಪಡಿಸಬಹುದಾದ್ದು ಇಲ್ಲವೆಂದಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ರಜೆ ಎಷ್ಟು ಎಂಬುದರ ಜೊತೆಗೆ ಬಂದ್, ಬಸ್ ಮುಷ್ಕರ, ನಿಷೇಧಾಜ್ಞೆಯ ದಿನ ಅದರಲ್ಲಿ ಸೇರುವುದಿಲ್ಲ ಎಂದು ಒಂದು ಸಾಲು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು. ಓದಲು ಬಾರದವರಿಗೆ ಧ್ವನಿ ಸಂದೇಶವೇ ಸಾಕು. ಬಂದ್ ಇದ್ದರೆ ಹಿಂದಿನ ಸಂಜೆ ಏಳರೊಳಗೆ ಮನೆಯವರೇ ಫೋನ್ ಮಾಡಿ ಬರಬೇಡಿ ಎನ್ನಬೇಕು, ಅಥವಾ ಬರಲೇಬೇಕಿದ್ದರೆ ಆಟೊ ಚಾರ್ಜು ಬೇರೆ ಕೊಡಬೇಕು. ಸಂಜೆ ಆರರ ಮೇಲೆ ಬಂದು ಮಾಡಿಹೋಗು ಎಂಬುದು ಮೇಲ್ನೋಟಕ್ಕೆ ಒಳ್ಳೆಯ ದಾರಿ. ಆದರೆ ಬಂದ್ ಮುಗಿದ ಮೊದಲ ಎರಡು ಗಂಟೆ ರಸ್ತೆಯಲ್ಲಿ ಬಸ್ಸು ಕಡಿಮೆ, ಒಂಟಿ ಹೆಂಗಸು ಎಂಟೂವರೆಗೆ ಶೆಡ್ಡಿಗೆ ನಡೆದುಹೋಗಬೇಕಾಗುತ್ತದೆ. ಮಾರನೆಯ ದಿನ ಒಂದು ಗಂಟೆ ತಡವಾದರೆ ಯಾರೂ ಕೇಳಬಾರದು. ಸಂಬಳ ಹಿಡಿಯಲೇಬೇಕೆನ್ನುವವರು ನೂರರ ಬದಲು 30ರ ಭಾಗಾಕಾರ ಮಾಡಲಿ. ದಾರಿಯಲ್ಲಿ ತೊಂದರೆಯಾದರೆ 112, ಸಂಬಳ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಕಾನೂನಿನ ಕಡೆಯಿಂದ ನೋಡಿದರೆ, ಗುತ್ತಿಗೆದಾರನ ಮೂಲಕ ಬಂದವರನ್ನು ಮನಸ್ಸಿನಲ್ಲಿಟ್ಟು ಬರೆದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ತಾವಾಗಿಯೇ ಬಂದು ಮನೆಮನೆಗೆ ದುಡಿಯುವವರಿಗೆ ಯಾವತ್ತೂ ಹೊಂದಲಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ಮನೆಗೆಲಸದವರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಕರಡು ಮಸೂದೆ ಪ್ರಕಟಿಸಿತು. ಲಿಖಿತ ಒಪ್ಪಂದ, ನೋಂದಣಿ, ಕಲ್ಯಾಣ ಮಂಡಳಿ, ಸಂಬಳದ ಗರಿಷ್ಠ ಶೇ 5ರಷ್ಟು ಕಲ್ಯಾಣ ಶುಲ್ಕ ಅದರಲ್ಲಿವೆ. ಒಪ್ಪಂದದ ನಮೂನೆ ಸಿದ್ಧವಾಗುವಾಗ ವಾರದ ರಜೆಯ ಕೆಳಗೆ ಇನ್ನೊಂದು ಸಾಲು ಬೇಕು: ಸಾರಿಗೆ ನಿಂತ ದಿನ, ನಿಷೇಧಾಜ್ಞೆ ಜಾರಿಯಲ್ಲಿರುವ ದಿನ, ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟ ದಿನ, ಬಾರದಿದ್ದರೂ ಸಂಬಳ ಉಂಟು. ಈ ಮೂರೂ ಸರ್ಕಾರಿ ದಾಖಲೆಯಲ್ಲಿ ಇರುವ ಸಂಗತಿಗಳು. ಬಂದ್ ಇತ್ತೋ ಇಲ್ಲವೋ ಎಂದು ಮನೆಯವರೂ ಕೆಲಸದವರೂ ವಾದ ಮಾಡುವ ಅಗತ್ಯ ಬರುವುದಿಲ್ಲ.